ಸನ್ನದ್ಧತಾ ಮೀಮಾಂಸೆ: ಹಸಿರು, ಹಳದಿ, ಕೆಂಪುಗಳ ತತ್ತ್ವವಿಚಾರ

ಸಂಸ್ಥೆಯೊಂದು ಹೊಸ ವಿಂಡೋಸಿಗೆ ಸಿದ್ಧವಾಗಿದೆಯೇ ಎಂಬುದು ಮೇಲ್ನೋಟಕ್ಕೆ ಕಂಪ್ಯೂಟರ್ ವಿಭಾಗದವರ ಪ್ರಶ್ನೆಯಂತೆ ಕಂಡರೂ ವಸ್ತುತಃ ಅದು ಪ್ರಮಾಣಶಾಸ್ತ್ರಕ್ಕೆ ಸೇರಿದ್ದು. ಸಿದ್ಧವಾಗುವುದು ಬೇರೆ, ಸಿದ್ಧವಾಗಿದೆ ಎಂದು ತಿಳಿಯುವುದು ಬೇರೆ, ಸಿದ್ಧವಾಗಿದೆ ಎಂದು ಸೋಮವಾರದ ಮೀಟಿಂಗಿನಲ್ಲಿ ಹೇಳುವುದು ಇನ್ನೂ ಬೇರೆ. ಮೊದಲೆರಡರ ಮೇಲೆ ಪೂರ್ವಸೂರಿಗಳು ಬೇಕಾದಷ್ಟು ಬರೆದಿದ್ದಾರೆ. ಮೂರನೆಯದು ಅನಾಥವಾಗಿ ಬಿದ್ದಿರುವುದರಿಂದ ಈ ಅಲ್ಪಮತಿಯ ಸಾಹಸ.

ಮೊದಲು ಕಾಲನಿರ್ಣಯ. ವಿಂಡೋಸ್ 10 ಅವತರಿಸಿದ್ದು 2015ರ ಜುಲೈ 29ರಂದು. ಅದೇ ವರ್ಷ ಮೈಕ್ರೋಸಾಫ್ಟಿನ ಉದ್ಯೋಗಿಯೊಬ್ಬರು ಇದೇ ಕೊನೆಯ ವಿಂಡೋಸ್ ಎಂದು ವೇದಿಕೆಯ ಮೇಲೆ ನುಡಿದದ್ದರಿಂದ, ಇನ್ನು ಪುನರ್ಜನ್ಮವಿಲ್ಲ ಎಂದು ಲೋಕದ ಅಡ್ಮಿನ್ನುಗಳು ನಿಟ್ಟುಸಿರು ಬಿಟ್ಟರು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಹುಟ್ಟಿತು. ಹಳೆಯದಕ್ಕೆ ಕಂಪನಿಯ ಬೆಂಬಲ ನಿಂತ ದಿನ 2025ರ ಅಕ್ಟೋಬರ್ 14. ಇದು ಗುಟ್ಟೇನಲ್ಲ, ವರ್ಷಗಳ ಮೊದಲೇ ಪ್ರಕಟವಾಗಿದ್ದ ತಾರೀಖು. ಆದರೂ ಸನ್ನದ್ಧತೆಯ ಎಕ್ಸೆಲ್ ಹಾಳೆಗಳಿಗೆ ಸೆಪ್ಟೆಂಬರ್ ತಿಂಗಳೇ ಜನ್ಮಮಾಸ ಯಾಕೆ ಎಂಬುದಕ್ಕೆ ಶಾಸ್ತ್ರಾಧಾರ ಸಿಕ್ಕುವುದಿಲ್ಲ. ಮಾರ್ಚಿಯ ಕೊನೆಗೆ ಬಜೆಟ್ ಖರ್ಚು ಮಾಡುವವರ ಸಂಪ್ರದಾಯದಲ್ಲಿ ಹುಡುಕಬೇಕು.

ಇನ್ನು ಕುಲವಿಚಾರ. ವಿಂಡೋಸ್ 11 ಯಾವ ಯಂತ್ರದ ಮನೆಗೂ ಸುಮ್ಮನೆ ಬರುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಷ್ಟಿದ್ದರೂ ಸಾಲದು, ಪ್ರೊಸೆಸರಿನ ಗೋತ್ರ ಕೇಳುತ್ತದೆ. ಇಂಟೆಲ್ ಆದರೆ ಎಂಟನೇ ಜನರೇಷನ್ನಿನಿಂದ ಈಚೆಯವರಿಗೆ ಮಾತ್ರ ಪಂಕ್ತಿ. ಹೀಗಾಗಿ ಜನರಲ್ ಮ್ಯಾನೇಜರ್ ಸಾಹೇಬರ ಏಳನೇ ಜನರೇಷನ್ನಿನ ಐ7 ಹೊರಗೆ ನಿಂತಿದ್ದಾಗ, ಅದರ ಅರ್ಧ ಶಕ್ತಿಯೂ ಇಲ್ಲದ ಸೆಲೆರಾನ್ ಎನ್4000 ಎಲೆ ಹಾಕಿಸಿಕೊಂಡು ಕೂತಿತು. ಏಳನೆಯವರಿಗೆ ಪ್ರವೇಶವೇ ಇಲ್ಲವೆಂದೂ ಅಲ್ಲ. ಬೆರಳೆಣಿಕೆಯ ಅಪವಾದಗಳಿವೆ, ಅವುಗಳಲ್ಲೊಂದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರೊಳಗಿನ ಪ್ರೊಸೆಸರು. ಸ್ವಗೃಹಕ್ಕೆ ಪ್ರಾಯಶ್ಚಿತ್ತ ಸುಲಭ ಎಂದು ಸ್ಮೃತಿಕಾರರೂ ಒಪ್ಪಿಯಾರು.

ಈಗ ಮುಖ್ಯ ವಿಷಯ. ಯಂತ್ರ ಸಿದ್ಧವೋ ಅಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಪ್ರತ್ಯಕ್ಷವೆಂದರೆ ಎದ್ದು ಹೋಗಿ ನೋಡುವುದು. ಮೂರನೇ ಮಹಡಿಗೆ ಲಿಫ್ಟ್ ಇಲ್ಲದ ಕಾರಣ ಆಧುನಿಕರು ಇದನ್ನು ಕೈಬಿಟ್ಟಿದ್ದಾರೆ. ಅನುಮಾನವೆಂದರೆ, ಒಂದೇ ಇಂಡೆಂಟಿನಲ್ಲಿ ಬಂದ ಯಂತ್ರಗಳಲ್ಲಿ ಒಂದು ಸಿದ್ಧವಿದ್ದರೆ ಉಳಿದವೂ ಸಿದ್ಧ ಎನ್ನುವುದು. ಇಲ್ಲಿ ಹೇತ್ವಾಭಾಸ ಕಾದು ಕುಳಿತಿರುತ್ತದೆ. ಟಿಪಿಎಂ ಒಳಗೇ ಇದ್ದರೂ ಬಯೋಸಿನಲ್ಲಿ ಆಫ್ ಆಗಿದ್ದರೆ ತಪಾಸಣೆಯ ತಂತ್ರಾಂಶ ಅದನ್ನು ಇಲ್ಲವೆಂದೇ ಸಾರುತ್ತದೆ. ಎರಡು ನಿಮಿಷದ ಸೆಟ್ಟಿಂಗಿನಲ್ಲಿ ಬದುಕಬಹುದಾದ ಯಂತ್ರ ಗುಜರಿಯ ಪಟ್ಟಿ ಸೇರುತ್ತದೆ.

ಪ್ರಮಾಣಗಳಲ್ಲೆಲ್ಲ ಬಲಿಷ್ಠವಾದದ್ದು ಶಬ್ದ, ಅಂದರೆ ಆಪ್ತವಾಕ್ಯ. ಸೆಕ್ಷನ್ ಸೂಪರಿಂಟೆಂಡೆಂಟರಿಗೆ ಫೋನು ಹಚ್ಚಿ “ಮೇಡಂ, ನಿಮ್ಮ ಕಡೆ ಎಲ್ಲ ಆಯ್ತಾ?” ಎಂದು ಕೇಳುವುದು, “ಆಗಿದೆ ಕಣಪ್ಪ, ಮೊನ್ನೆ ಯಾರೋ ಹುಡುಗ ಬಂದು ಏನೋ ಮಾಡಿ ಹೋದ” ಎಂಬ ಉತ್ತರ ಪಡೆಯುವುದು. ಆ ಹುಡುಗ ಪ್ರಿಂಟರಿನ ಟೋನರ್ ಬದಲಿಸಿ ಹೋಗಿರುವ ಸಾಧ್ಯತೆಯನ್ನು ಭಾಷ್ಯಕಾರರು ಅಲ್ಲಗಳೆಯುವುದಿಲ್ಲ. ಆದರೆ ಆಪ್ತವಾಕ್ಯವನ್ನು ಪ್ರಶ್ನಿಸುವುದು ಅಧಿಕಪ್ರಸಂಗವಾದ್ದರಿಂದ ಎಕ್ಸೆಲ್ ಹಾಳೆಯಲ್ಲಿ ಆ ಸೆಕ್ಷನ್ನಿನ ಸಾಲು ಹಸಿರಾಗುತ್ತದೆ, ಅಂದರೆ ಸಿದ್ಧ.

ಅನುಪಲಬ್ಧಿ, ಅಂದರೆ ಕಾಣದ್ದರಿಂದ ಇಲ್ಲವೆಂದು ತಿಳಿಯುವುದು, ಇದರದು ಸೂಕ್ಷ್ಮ ಚರ್ಚೆ. ಪಿಂಗ್ ಮಾಡಿದರೆ ಉತ್ತರಿಸದ ಯಂತ್ರ ಇಲ್ಲವೋ, ಇದ್ದೂ ಆಫ್ ಆಗಿದೆಯೋ, ಕೇಸ್ ವರ್ಕರ್ ರಜೆಯಲ್ಲಿದ್ದಾರೋ, ಯುಪಿಎಸ್ ಕೈಕೊಟ್ಟಿದೆಯೋ? ಸ್ಟಾಕ್ ರಿಜಿಸ್ಟರಿನಲ್ಲಿ ಇದ್ದು ನೆಟ್‌ವರ್ಕಿನಲ್ಲಿ ಇಲ್ಲದ ಯಂತ್ರಗಳೂ, ನೆಟ್‌ವರ್ಕಿನಲ್ಲಿ ಇದ್ದು ರಿಜಿಸ್ಟರಿನಲ್ಲಿ ಇಲ್ಲದ ಯಂತ್ರಗಳೂ ಪ್ರತಿ ಸಂಸ್ಥೆಯಲ್ಲಿ ಇರುತ್ತವೆ. ಈ ಎರಡನ್ನೂ ಸತ್ತೂ ಅಲ್ಲದ ಅಸತ್ತೂ ಅಲ್ಲದ ಅನಿರ್ವಚನೀಯ ಕೋಟಿಗೆ ಸೇರಿಸಿ ಹಳದಿ ಬಣ್ಣ ಬಳಿಯುವುದೇ ಸದಾಚಾರ. ಹಳದಿಯ ಮಹಿಮೆ ಅಪಾರ. ಕೆಂಪು ಹಾಕಿದರೆ ಇವತ್ತೇ ಮೇಲಿನವರ ಫೋನು ಬರುತ್ತದೆ. ಹಸಿರು ಹಾಕಿದರೆ ಯಂತ್ರ ಕೈಕೊಟ್ಟ ದಿನ ಬರುತ್ತದೆ. ಹಳದಿಗೆ ಯಾರೂ ಫೋನು ಮಾಡಿದ್ದನ್ನು ನಾವು ಕಂಡಿಲ್ಲ.

ಶೇಕಡಾವಾರು ಲೆಕ್ಕದಲ್ಲಿ ಎರಡು ಮತಗಳಿವೆ. ಯಂತ್ರವಾದಿಗಳ ಪ್ರಕಾರ ಅಪ್‌ಗ್ರೇಡ್ ಆದ ಯಂತ್ರಗಳು ಹೆಚ್ಚಿದರೆ ಸನ್ನದ್ಧತೆ ಹೆಚ್ಚುತ್ತದೆ. ಇದು ಬಾಲಿಶ. ಹಾಳೆವಾದಿಗಳು ಇನ್ನೂ ಆಳಕ್ಕೆ ಇಳಿದವರು: ಹಳೆಯ ಯಂತ್ರಗಳನ್ನು ಪಟ್ಟಿಯಿಂದ ಹೊಡೆದುಹಾಕಿದರೂ ಸನ್ನದ್ಧತೆ ಹೆಚ್ಚುತ್ತದೆ ಎಂದು ಅವರು ಸಾಧಿಸಿದ್ದಾರೆ. ನೂರರಲ್ಲಿ ಅರವತ್ತು ಸಿದ್ಧವಿದ್ದು, ಇಪ್ಪತ್ತೈದನ್ನು ‘ಕಂಡೆಮ್’ ಎಂದು ಬರೆದರೆ ಅರವತ್ತು ಶೇಕಡಾ ಕುಳಿತಲ್ಲೇ ಎಂಬತ್ತಾಗುತ್ತದೆ. ಆ ಇಪ್ಪತ್ತೈದರ ಮುಂದೆ ಜನ ಇನ್ನೂ ಕೂತು ಕೆಲಸ ಮಾಡುತ್ತಿದ್ದಾರೆ ಎಂಬ ಆಕ್ಷೇಪ ಈ ಮತಕ್ಕೆ ತಟ್ಟುವುದಿಲ್ಲ.

ಹಸಿರಿನ ಬಗ್ಗೆ ಒಂದು ಪ್ರತಿವಾದವನ್ನು ಮಾತ್ರ ದಾಖಲಿಸಲೇಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಮಾರಿ ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಹಬ್ಬಿದಾಗ ಎಲ್ಲರೂ ಮುದಿ ಎಕ್ಸ್‌ಪಿಯನ್ನು ಬೈದರು. ಆದರೆ ಸೋಂಕು ತಗುಲಿದ್ದು ಬಹುಪಾಲು ವಿಂಡೋಸ್ 7ಕ್ಕೆ. ಅದಕ್ಕೆ ಆಗ ಬೆಂಬಲ ಇತ್ತು, ತೇಪೆ ಮಾರ್ಚಿಯಲ್ಲೇ ಬಂದಿತ್ತು, ಹಾಕಿರಲಿಲ್ಲ. ಅಂದರೆ ಆ ಯಂತ್ರಗಳು ಯಾವ ಹಾಳೆಯಲ್ಲಿದ್ದರೂ ಹಸಿರೇ.

ಸನ್ನದ್ಧತೆ ಅಳೆಯುವ ಉಪಕರಣಗಳ ಆಯುಷ್ಯದ ಬಗ್ಗೆ ಬರೆಯುವಾಗ ಲೇಖನಿ ನಡುಗುತ್ತದೆ. ಮೈಕ್ರೋಸಾಫ್ಟ್ ಮೊದಲು ಅಪ್‌ಗ್ರೇಡ್ ಅನಲಿಟಿಕ್ಸ್ ಎಂಬುದನ್ನು ತಂದು, ಅಪ್‌ಗ್ರೇಡ್ ರೆಡಿನೆಸ್ ಎಂದು ಮರುನಾಮಕರಣ ಮಾಡಿತು. 2020ರ ಜನವರಿಯಲ್ಲಿ ಅದು ತೀರಿಕೊಂಡಿತು. ವಿಂಡೋಸ್ 7ರ ಬೆಂಬಲ ನಿಂತದ್ದೂ ಅದೇ ತಿಂಗಳು. ಉತ್ತರಾಧಿಕಾರಿ ಡೆಸ್ಕ್‌ಟಾಪ್ ಅನಲಿಟಿಕ್ಸ್ 2022ರ ನವೆಂಬರ್ 30ರಂದು ನಿವೃತ್ತಿ ಪಡೆಯಿತು. ಅಳೆಯಬೇಕಾದ ವಿಂಡೋಸ್ 10 ಇನ್ನೂ ಗಟ್ಟಿಯಾಗಿತ್ತು. ರೋಗಿಗಿಂತ ಮೊದಲು ವೈದ್ಯರು ಹೋಗುವ ಈ ಪರಂಪರೆಯನ್ನು ನೋಡಿಯೇ ಸಂಸ್ಥೆಗಳು ಎಕ್ಸೆಲ್ಲನ್ನು ಅಪೌರುಷೇಯವೆಂದು ಸ್ವೀಕರಿಸಿರುವುದು.

ಎಲ್ಲ ಹಾಳೆಗಳ ಕೊನೆಯ ಸಾಲಿನಲ್ಲಿ ಬಣ್ಣವಿಲ್ಲದ ಒಂದು ಯಂತ್ರ ಇರುತ್ತದೆ. ಅದು ಅಕೌಂಟ್ಸ್ ಸೆಕ್ಷನ್ನಿನ ಮೂಲೆಯಲ್ಲಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪಕ್ಕದಲ್ಲಿ. ಸಂಬಳದ ಬಿಲ್ಲು ಆಗುವುದು ಅದರಲ್ಲಿ, ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ, ಬರೆದವರು ನಿವೃತ್ತರಾದ ಮೇಲೂ. ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಅದು ಹೇಗೋ ನಡೆಯುತ್ತಿತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಮುಗಳನ್ನು ನೇರವಾಗಿ ನಡೆಸುವುದೂ ಇಲ್ಲ. ಡಾಸ್‌ಬಾಕ್ಸ್ ಎಂಬ ಒಳದಾರಿ ಇದೆ ಎಂದು ಎಎಂಸಿ ಹುಡುಗ ಹೇಳುತ್ತಾನೆ. ಬಿಲ್ಲು ಪ್ರಿಂಟ್ ಆಗಬೇಕಾದ ದಿನ ಆತ ಊರಿನಲ್ಲಿರುವುದಿಲ್ಲ. ಮಿಕ್ಕೆಲ್ಲ ಯಂತ್ರಗಳ ಸನ್ನದ್ಧತೆ ಕೂಡಿಸಿದರೂ ಈ ಒಂದಕ್ಕೆ ಸಮವಲ್ಲ ಎಂಬುದು ಈ ಪ್ರಬಂಧದ ಸಿದ್ಧಾಂತ, ಬೇಕಾದರೆ ತಿಂಗಳ ಕೊನೆಯಲ್ಲಿ ನೌಕರರ ಸಂಘವನ್ನು ಕೇಳಿ ನೋಡಬಹುದು.

ಸಿದ್ಧರಾಗದವರಿಗೆ ದಂಡವಿಧಿಯೂ ಇದೆ. ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಸಂಸ್ಥೆಗಳು ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಮತ್ತೆ ದುಪ್ಪಟ್ಟು ತೆರಬೇಕೆಂದು ಕಂಪನಿ ದರಪಟ್ಟಿ ಹೊರಡಿಸಿದೆ. ಎರಡನೇ ವರ್ಷ ಎಚ್ಚೆತ್ತವರು ಮೊದಲನೆಯದನ್ನೂ ಕಟ್ಟಬೇಕು. ಮೂರೂ ಸೇರಿ 427 ಡಾಲರ್. ಆ ದುಡ್ಡಿಗೆ ಹೊಸ ಯಂತ್ರವೇ ಬರುತ್ತದಲ್ಲ ಎನ್ನುವವರಿಗೆ ಕ್ಯಾಪಿಟಲ್ ಬೇರೆ ಹೆಡ್ಡು, ರೆವಿನ್ಯೂ ಬೇರೆ ಹೆಡ್ಡು ಎಂಬ ಜ್ಞಾನವಿಲ್ಲ.

ಈ ಮತವನ್ನು ಖಂಡಿಸುವ ವಿದ್ವಾಂಸರಿಗೆ ಸ್ವಾಗತವಿದೆ. ಎರಡೇ ವಿನಂತಿ. ಖಂಡನೆ ಎಕ್ಸೆಲ್ಲಿನಲ್ಲಿ ಬೇಡ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದರೆ ಯೂನಿಕೋಡಿಗೆ ಬದಲಿಸಿ ಕಳುಹಿಸಿ. ಮೊನ್ನೆ ಯಾರೋ ಹುಡುಗ ಬಂದು ಏನೋ ಮಾಡಿ ಹೋದ ಮೇಲೆ ನಮ್ಮ ಯಂತ್ರದಲ್ಲಿ ಆ ಫಾಂಟು ಕಾಣಿಸುತ್ತಿಲ್ಲ.