ಸವಣೂರಿನಲ್ಲಿ ಹುಟ್ಟಿದ ಗೋಕಾಕರು

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಕೂಗುವುದನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಬೇಕು. "ಕಿತ್ತೂರ, ಕಿತ್ತೂರ! ನವಲಗುಂದ, ನರಗುಂದ! ಹಾನಗಲ್ಲ! ಮುಂಡರಗಿ!" ಯಾವುದೋ ಹೈಸ್ಕೂಲಿನಲ್ಲಿ ಮಾಸ್ತರರು ಹಾಜರಿ ಕರೆಯುತ್ತಿದ್ದಾರೆ ಅನ್ನಿಸುತ್ತದೆ. "ಎಸ್ ಸರ್" ಅನ್ನುವವರು ಮಾತ್ರ ಇಲ್ಲ. ಇದ್ದರೂ ಅವರು ಆ ಬಸ್ಸು ಹತ್ತುವ ಪೈಕಿ ಅಲ್ಲ. ಕಿತ್ತೂರ ಎಂಬ ಅಡ್ಡಹೆಸರಿನವರು ಗದಗಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಗದಗ ಎಂಬ ಅಡ್ಡಹೆಸರಿನವರು ಬೆಳಗಾವಿಗೆ ಹೊರಟಿರುತ್ತಾರೆ.

ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಜೀರಗಿ ಎಂದು ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಇಡೀ ಅಡುಗೆಮನೆಯೇ ಇದೆ. ಅವನ್ನು ಕುರಿತು ನಗುವವರು ಸಾಕಷ್ಟು ನಕ್ಕಾಗಿದೆ, ಬಿಡಿ. ನನಗೆ ಊರನ್ನೇ ಹೆಸರಿಗೆ ಕಟ್ಟಿಕೊಂಡು ತಿರುಗುವವರ ಮೇಲೆ ಹೆಚ್ಚು ಅಕ್ಕರೆ. ರೈಲಿನಲ್ಲಿ ಎದುರು ಕೂತವರನ್ನು ಮಾತಾಡಿಸಿ ನೋಡಿ.

"ತಮ್ಮ ಅಡ್ಡಹೆಸರೇನ್ರಿ?"

"ಬಿಜಾಪುರ."

"ಹಂಗಾದ್ರ ಬಿಜಾಪುರದವರು."

"ಅಲ್ರಿ, ನಾವು ಧಾರವಾಡದವರು."

"ಮತ್ತ ಬಿಜಾಪುರ?"

"ಅದು ಅಡ್ಡಹೆಸರ್ರೀ!"

ಮಾತು ಅಲ್ಲಿಗೆ ಮುಗಿಯುತ್ತದೆ. ಯೋಚಿಸಿದರೆ ಅದೇ ಸರಿ. ಬಿಜಾಪುರದಲ್ಲಿ ಇರುವಷ್ಟು ದಿನ ಯಾರೂ ಬಿಜಾಪುರ ಆಗಬೇಕಾಗಿಲ್ಲ; ಓಣಿಗೆ ಓಣಿಯೇ ಆ ಹೆಸರು ಇಟ್ಟುಕೊಂಡರೆ ಅಂಚೆಯವನ ಗತಿಯೇನು? ಊರು ಬಿಟ್ಟು ಇನ್ನೊಂದು ಊರಿಗೆ ಬಂದಾಗ ಅಲ್ಲಿಯವರು "ಬಿಜಾಪುರದವರಂತ" ಎಂದು ಗುರುತು ಹಿಡಿಯುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಬಾಲ ಉದುರಿ ಊರಷ್ಟೇ ಉಳಿಯುತ್ತದೆ. ಅಡ್ಡಹೆಸರಿನಲ್ಲಿ ಊರಿದೆ ಎಂದರೆ ಆ ಮನೆತನ ಆ ಊರು ಬಿಟ್ಟಿದೆ ಎಂದೇ ತಿಳಿಯಬೇಕು. ತಮಾಷೆಯೆಂದರೆ, 2014ರ ನವೆಂಬರ್ 1ರಂದು ಸರಕಾರ 12 ಊರುಗಳ ಹೆಸರು ತಿದ್ದಿದಾಗ ಬಿಜಾಪುರ ವಿಜಯಪುರವಾಯಿತು. ಬಿಜಾಪುರ ಅಡ್ಡಹೆಸರಿನವರು ತಿದ್ದಿಸಿಕೊಳ್ಳಲು ಹೋಗಲಿಲ್ಲ. ಊರು ಬಿಟ್ಟುಕೊಟ್ಟ ಹೆಸರನ್ನು ಊರು ಬಿಟ್ಟವರು ಕಾಯ್ದುಕೊಂಡಿದ್ದಾರೆ.

ಗಂಗೂಬಾಯಿ ಹಾನಗಲ್ಲರನ್ನೇ ನೋಡಿ. 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ರೈಲು ಹತ್ತಿ ಹೋಗುತ್ತಿದ್ದದ್ದು ಕುಂದಗೋಳಕ್ಕೆ. ಮೂರು ಊರುಗಳ ನಂಟಿದ್ದರೂ ಹೆಸರಿನಲ್ಲಿ ಉಳಿದದ್ದು ನಾಲ್ಕನೆಯದು. ಇನ್ನೊಬ್ಬರು ಹಾನಗಲ್ ಇದ್ದರು, 'ಶೋಲೆ'ಯ ಕುರುಡು ಮುದುಕ ಇಮಾಮ್ ಸಾಹೇಬರ ಪಾತ್ರದ ಎ.ಕೆ. ಹಾನಗಲ್. ಅವರದು ಕಾಶ್ಮೀರಿ ಪಂಡಿತರ ಮನೆತನ, ಹಾವೇರಿ ಜಿಲ್ಲೆಯ ಹಾನಗಲ್ಲಿಗೂ ಅವರಿಗೂ ಸಂಬಂಧವಿಲ್ಲ. ನಮ್ಮ ತಾಲೂಕಿನವರೇ ಎಂದು ಯಾರಾದರೂ ಹೆಮ್ಮೆಪಟ್ಟಿದ್ದರೆ ಪಡಲಿ, ನಷ್ಟವೇನಿಲ್ಲ. ಮಲ್ಲಿಕಾರ್ಜುನ ಮನ್ಸೂರರೊಬ್ಬರು ಮಾತ್ರ ಚೊಕ್ಕ ಲೆಕ್ಕದವರು. ಧಾರವಾಡದ ಪಕ್ಕದ ಮನ್ಸೂರಿನಲ್ಲೇ ಹುಟ್ಟಿದರು.

ಇನ್ನು ಗೋಕಾಕ. ಘಟಪ್ರಭೆಯ ಜಲಪಾತ, ಕರದಂಟು, ನೂಲಿನ ಗಿರಣಿ ಎಂದು ತನ್ನದೇ ಕೀರ್ತಿಯಿರುವ ಊರು. ಆದರೆ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಸವಣೂರೂ ಸಾಮಾನ್ಯವಲ್ಲ: ವೀಳ್ಯದೆಲೆಗೆ ಹೆಸರಾದದ್ದು, ನವಾಬರು ಆಳಿದ್ದು, ಅಪ್ಪಿಕೊಳ್ಳಲು ಹತ್ತಾಳು ಬೇಕಾಗುವ ದೊಡ್ಡ ಹುಣಸೆ ಮರಗಳನ್ನು ಮಠದ ಅಂಗಳದಲ್ಲಿ ಸಾಕಿಕೊಂಡಿರುವುದು. ಆದರೂ ಕೀರ್ತಿ ಹೋದದ್ದು ಗೋಕಾಕಕ್ಕೆ. ಶಾಲೆಗಳಲ್ಲಿ ಕನ್ನಡದ ಸ್ಥಾನವೇನು ಎಂದು ಹೇಳಲು 1980ರಲ್ಲಿ ಸರಕಾರ ಇವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, ಮರುವರ್ಷ ವರದಿ ಬಂತು, ಅದನ್ನು ಜಾರಿ ಮಾಡಿ ಎಂದು ನಾಡೆಲ್ಲ ಬೀದಿಗಿಳಿಯಿತು. ಊರಿನಿಂದ ಮನೆತನಕ್ಕೆ, ಮನೆತನದಿಂದ ಸಮಿತಿಗೆ, ಸಮಿತಿಯಿಂದ ಚಳವಳಿಗೆ ಹೆಸರು ದಾಟುತ್ತ ಹೋಯಿತು. ಇಂದಿನ ಯಾವನಾದರೂ ಹುಡುಗ ಗೋಕಾಕ್ ಚಳವಳಿ ಎಂದರೆ ಜಲಪಾತದ ಎದುರು ನಡೆದ ಧರಣಿ ಎಂದು ಬರೆದರೆ ನಾನಂತೂ ಅರ್ಧ ಅಂಕ ಕೊಡುತ್ತೇನೆ.

ಆ ಚಳವಳಿಯ ಮುಂದೆ ನಿಂತ ರಾಜಕುಮಾರರ ಹುಟ್ಟುಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಹುಟ್ಟಿದ್ದು ಗಾಜನೂರು. ಮನೆ ಮಾಡಿದ್ದು ಬೆಂಗಳೂರಿನ ಸದಾಶಿವನಗರದಲ್ಲಿ. ಆ ಸದಾಶಿವ ಯಾರು? ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ, ಇದ್ದ ಆಸ್ತಿಯನ್ನೆಲ್ಲ ದೇಶಕ್ಕೆ ಸುರಿದು 1937ರಲ್ಲಿ ತೀರಿಕೊಂಡ ಕಾರ್ನಾಡ್ ಸದಾಶಿವರಾಯರು. ಮೂಲ್ಕಿಯ ಬಗಲಿನ ಕಾರ್ನಾಡು ಅವರ ಹೆಸರಿನ ಮುಂದೆ ಕೂತಿತು. ಹಿಂದಿದ್ದ ಸದಾಶಿವ ಹೋಗಿ ಬೆಂಗಳೂರಿನ ಬಡಾವಣೆಯಾದ. ಅದೇ ಕಾರ್ನಾಡು ಗಿರೀಶರಿಗೆ ಹೆಸರಿನ ಕೊನೆಗೆ ಬಂತು, ಅವರು ಹುಟ್ಟಿದ್ದು ಮಾಥೇರಾನ್‌ನಲ್ಲಿ. ಕರಾವಳಿಯಲ್ಲಿ ಊರು ಹೀಗೆ ಹಿಂದೆ ಮುಂದೆ ಓಡಾಡಿಕೊಂಡಿರುತ್ತದೆ. ಕನ್ನಡದಲ್ಲಿ ಬರೆದ ಪಡುಕೋಣೆ ರಮಾನಂದರಾಯರಿಗೆ ಮೊದಲು ಊರು, ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ದೀಪಿಕಾ ಪಡುಕೋಣೆಗೆ ಕೊನೆಯಲ್ಲಿ. ಕುಂದಾಪುರದ ಕಡೆಯ ಆ ಪುಟ್ಟ ಊರು ಮುಂಬಯಿಯ ಪೋಸ್ಟರುಗಳ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ನಿಂತೀತೆಂದು ಯಾರು ಅಂದುಕೊಂಡಿದ್ದರು?

ಹಳೆ ಮೈಸೂರಿನವರು ಸಂಕೋಚದ ಜನ. ಊರನ್ನು ಒಂದೇ ಅಕ್ಷರಕ್ಕೆ ಮಡಚಿ ಹೆಸರಿನ ಮುಂದೆ ಇಟ್ಟು ಸುಮ್ಮನಾಗುತ್ತಾರೆ. ಡಿ.ವಿ.ಜಿ.ಯವರ 'ಡಿ' ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು. ಅನಂತಮೂರ್ತಿಯವರ 'ಯು' ಉಡುಪಿ, ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯ ಮೇಳಿಗೆ. ಸರ್ ಎಂ.ವಿ.ಯವರ 'ಎಂ' ಅಂತೂ ಆಂಧ್ರದ ಮೋಕ್ಷಗುಂಡಂ. ಅವರು ಹುಟ್ಟಿದ ಮುದ್ದೇನಹಳ್ಳಿಯೂ 'ಎಂ' ಆದದ್ದರಿಂದ ತಕರಾರಿಗೆ ಎಡೆಯಾಗಲಿಲ್ಲ. ಈ ಮಡಿಕೆ ಬಿಚ್ಚುವುದು ಅಮೆರಿಕದ ಅರ್ಜಿಯಲ್ಲಿ. ಕೊನೆಯ ಹೆಸರು ಎಂಬ ಖಾನೆಗೆ ಏನೋ ಒಂದು ತುಂಬಲೇಬೇಕು. ಅಜ್ಜನ ಕಾಲದಲ್ಲೇ ಬಿಟ್ಟ, ಮಳೆಗಾಲದಲ್ಲಿ ಜೀಪೂ ಹೋಗದ ಹಳ್ಳಿಯನ್ನು ಶಿಕಾಗೋದ ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಕೂಗಿ ಕರೆಯುತ್ತಾರೆ, ಮೊಮ್ಮಗ ಓಗೊಡುತ್ತಾನೆ.

ನಿಮ್ಮ ಇನಿಷಿಯಲ್ಲಿನಲ್ಲೋ ಅಡ್ಡಹೆಸರಿನಲ್ಲೋ ಇಂಥದ್ದೊಂದು ಊರಿದ್ದರೆ, ಬಿಡುವಾದಾಗ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕಟ್ಟೆಯ ಮೇಲೆ ಕೂತವರು ಹೆಸರು ಕೇಳಿದರೆ ಅಡ್ಡಹೆಸರು ಹೇಳಬೇಡಿ. "ಊರು ಯಾವುದಂತ ನಮಗೂ ಗೊತ್ತೈತಿ, ನಿಮ್ಮ ಹೆಸರು ಹೇಳ್ರಿ" ಅಂತಾರೆ.