ತಮಗೆ ತಾವೇ ವಕೀಲರಾದ ಗಂಡಂದಿರಿಗೆ

ಸ್ವಯಂವಾದಿ ಶಿರೋಮಣಿಗಳೇ,

ಕೌಟುಂಬಿಕ ನ್ಯಾಯಾಲಯದ ಬೆಂಚ್ ಕ್ಲರ್ಕ್ ಮೇಜಿನಲ್ಲೇ ತಲೆ ನರೆತವನು ನಾನು. ನಿಮ್ಮ ವಾದವೈಖರಿಯನ್ನು ಪುಕ್ಕಟೆ ಕೇಳಿದ ಋಣ ತೀರಿಸಲು ಈ ಪತ್ರ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಗಂಡ ಹೆಂಡಿರು ತಾವೇ ನಾಲ್ಕು ಮಾತಾಡಿ ಇತ್ಯರ್ಥಕ್ಕೆ ಬರಲಿ ಎಂದು ಪಾಪ, ಕಾಯ್ದೆ ಬಯಸಿತ್ತು. ನಿಮಗದು ಏಕಪಾತ್ರಾಭಿನಯಕ್ಕೆ ಒದಗಿತು.

ನಿಮ್ಮ ಆಸ್ತಿ-ಸಾಲದ ಪ್ರಮಾಣಪತ್ರಗಳನ್ನಂತೂ ಮರೆಯಲಾರೆ. ಜೀವನಾಂಶದ ಅರ್ಜಿಯ ನೋಟಿಸು ಕೈಗೆ ಬಂದ ತಿಂಗಳೇ ಕೆಲಸ ಹೋಗಿರುತ್ತದೆ, ಸೈಟು ಅಮ್ಮನ ಹೆಸರಿಗೆ ದಾನಪತ್ರವಾಗಿರುತ್ತದೆ, ಕಾರು ಯಾರೋ ಸ್ನೇಹಿತನದು. ಒಬ್ಬ ಮಹಾಶಯರು ತಿಂಗಳ ಆದಾಯ ₹12,000 ಎಂದು ಬರೆದು, ಅದೇ ಹಾಳೆಯ ಕೆಳಗೆ ಪೆಟ್ರೋಲಿಗೆ ₹9,000, ಸಾಲದ ಕಂತಿಗೆ ₹18,000 ಎಂದು ತೋರಿಸಿದ್ದರು. ಜಡ್ಜ್ ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, ‘ಹೀಗೆ ಸಂಸಾರ ಮಾಡೋದನ್ನ ನಮಗೂ ಸ್ವಲ್ಪ ಹೇಳಿಕೊಡಿ’ ಅಂದರು. ಸ್ಟೆನೋ ಅದನ್ನು ಬರೆದುಕೊಳ್ಳಲಿಲ್ಲ.

ಆದೇಶ ಬಂದಮೇಲೆ ನಿಮ್ಮ ಪಾಂಡಿತ್ಯ ಇನ್ನೂ ಕಳೆಗಟ್ಟುತ್ತದೆ. ಮಧ್ಯಂತರ ಜೀವನಾಂಶವೇ? ಕೇಸು ಮುಗಿಯಲಿ, ಆಮೇಲೆ ನೋಡೋಣ! ಕೊನೆಯ ಪುಟದಲ್ಲಿ ‘ಅರ್ಜಿ ಸಲ್ಲಿಸಿದ ದಿನಾಂಕದಿಂದ’ ಎಂದು ಇರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲೇ ಇದನ್ನು ಖಚಿತಪಡಿಸಿದೆ. ಎರಡು ವರ್ಷ ವಾಯಿದೆ ಕೇಳಿ ಕೇಳಿ ಗೆದ್ದೆವೆಂದುಕೊಂಡಿರಲ್ಲ, ಆ ಎರಡು ವರ್ಷವೂ ಬಾಕಿ ಲೆಕ್ಕದಲ್ಲಿದೆ ಸ್ವಾಮಿ. ಮಗಳ ಹುಟ್ಟುಹಬ್ಬಕ್ಕೆ ಕೊಡಿಸಿದ ಸೈಕಲ್ಲಿನ ರಸೀದಿ ತಂದು ‘ಇದನ್ನ ವಜಾ ಹಾಕ್ಕೊಳ್ಳಿ’ ಎಂದವರೂ ಇದ್ದಾರೆ. ಹೈಕೋರ್ಟಿಗೆ ಹೋಗಿದ್ದೇನೆ ಎಂದು ಮೀಸೆ ತಿರುವುವವರು ತಡೆಯಾಜ್ಞೆ ಎಲ್ಲಿ ಎಂದರೆ ಬ್ಯಾಗಿನಲ್ಲಿ ಹುಡುಕುತ್ತಾರೆ.

ಇನ್ನು ಕೆಲವರು ವೀರರು. ‘ಜೈಲಿಗೆ ಬೇಕಾದ್ರೂ ಹೋಗ್ತೀನಿ, ಒಂದು ಪೈಸೆ ಕೊಡಲ್ಲ.’ ಹೋಗಬಹುದು, ಅಭ್ಯಂತರವಿಲ್ಲ. ಆದರೆ ಸೆರೆವಾಸದಿಂದ ಬಾಕಿ ಚುಕ್ತಾ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿಬಿಟ್ಟಿದೆ. ಅನ್ನ ಸರ್ಕಾರದ್ದು, ಸಾಲ ನಿಮ್ಮದೇ.

ಮುದ್ದೆ ಮುರಿದಷ್ಟು ಸಲೀಸಾಗಿ ಕಾನೂನು ಮುರಿಯುವ ನಿಮ್ಮಲ್ಲಿ ನನ್ನದೊಂದೇ ವಿನಂತಿ: ಮುಂದಿನ ವಾಯಿದೆಗೆ ಮುಂಚೆ ಆದೇಶದ ಕೊನೆಯ ಪುಟ ಓದಿ. ಅಷ್ಟು ಸಾಕು.

ಇಂತಿ,
ಕಟಕಟೆಯ ಪಕ್ಕದ ಮೇಜಿನವನು

ತಾ.ಕ.: ಬಾಕಿ ಕಟ್ಟಲು ಚಿಲ್ಲರೆ ಮೂಟೆ ಹೊತ್ತು ತರುವ ಯೋಚನೆಯಿದ್ದರೆ ಬಿಡಿ. 2023ರಲ್ಲಿ ಜೈಪುರದಲ್ಲೊಬ್ಬರು ₹55,000ವನ್ನು ಹಾಗೇ ತಂದಿದ್ದರು. ಸಾವಿರ ಸಾವಿರದ ಪೊಟ್ಟಣ ಕಟ್ಟಿ, ಕೋರ್ಟಿನಲ್ಲೇ ಎಣಿಸಿಕೊಡುವ ಕೆಲಸವೂ ಅವರ ಪಾಲಿಗೇ ಬಂತು.