ಯಾರಿಗೆ ಯಾವ ಸಿಟ್ಟು

ಆಫೀಸಿನಲ್ಲಿ ಸಾಹೇಬರ ಮೇಲೆ ಬಂದ ಸಿಟ್ಟನ್ನು ಬಸ್ಸಿನಲ್ಲಿ ಜೋಪಾನವಾಗಿ ಹೊತ್ತು ತಂದು ಮನೆಯ ಉಪ್ಪಿಟ್ಟಿನ ಮೇಲೆ ಇಳಿಸುವವರು ನಾವು. ಈ ವಿಷಯದಲ್ಲಿ ಟೆಕ್ಸಾಸಿನ ಕೊಂಬಿನ ಓತಿಕ್ಯಾತ ನಮಗಿಂತ ಎಷ್ಟೋ ಮೇಲು. ಯಾರ ಮೇಲೆ ಎಷ್ಟು ಹರಿಹಾಯಬೇಕೆಂಬ ಲೆಕ್ಕ ಅದಕ್ಕೆ ಪಕ್ಕಾ.

ಅಂಗೈಯಗಲದ ಚಪ್ಪಟೆ ಮೈ, ಮೈತುಂಬ ಮುಳ್ಳು, ತಲೆಯ ಹಿಂದೆ ಸಾಲು ಕೊಂಬು. ವೇಷವೇನೋ ರಾಕ್ಷಸನದು; ಕಸುಬು ಮಾತ್ರ ಗೂಡಿನ ಬಳಿ ಕೂತು ಒಂದೊಂದೇ ಇರುವೆ ಹೆಕ್ಕಿ ನುಂಗುವುದು. ಅಪಾಯ ಕಂಡರೆ ಮೊದಲ ಉಪಾಯ, ಸುಮ್ಮನಿರುವುದು. ಮಣ್ಣಿನ ಬಣ್ಣದ ಮೈಯನ್ನು ಮಣ್ಣಿಗೆ ಒತ್ತಿ ಕೂತರೆ ಪಕ್ಕದಲ್ಲೇ ನಡೆದು ಹೋದವರಿಗೂ ಕಾಣದು.

ಕಂಡುಬಿಟ್ಟರೆ? ಬಂದವರು ಯಾರು ಎಂಬುದರ ಮೇಲೆ ಮುಂದಿನದು. ಬಾಲಕ್ಕೆ ಗಿಲಕಿ ಕಟ್ಟಿಕೊಂಡ ರ‍್ಯಾಟಲ್ ಹಾವಾದರೆ ಎದ್ದು ಓಟ. ಹೊಂಚಿ ಕೂತು ಕಚ್ಚುವ ಅದು ಬೆನ್ನಟ್ಟುವ ಜಾತಿಯಲ್ಲ. ಚುರುಕಾಗಿ ಅಟ್ಟಿಸಿಕೊಂಡು ಬರುವ ವಿಷವಿಲ್ಲದ ವಿಪ್ ಹಾವಾದರೆ ಓಡಿ ಲಾಭವಿಲ್ಲ. ಮೈ ಅಗಲಿಸಿ, ಮುಳ್ಳಿನ ಬೆನ್ನನ್ನು ಅದರತ್ತ ವಾಲಿಸಿ, ನುಂಗು ನೋಡೋಣ ಎಂದು ನಿಲ್ಲುತ್ತದೆ.

ನಾಯಿ, ನರಿ, ಕಯೋಟಿಗಳಿಗೆ ಮಾತ್ರ ವಿಶೇಷ ಉಪಚಾರ. ತಲೆಯಿಂದ ರಕ್ತ ಹಿಂದಿರುಗುವ ನಾಳಗಳನ್ನು ಸ್ನಾಯುಗಳು ಬಿಗಿಹಿಡಿಯುತ್ತವೆ. ಒತ್ತಡ ಏರಿ ಕಣ್ಣಿನ ಸುತ್ತ ಊದಿಕೊಂಡು, ರೆಪ್ಪೆಯಂಚಿನಿಂದ ರಕ್ತ ಚಿಮ್ಮುತ್ತದೆ. ನಾಲ್ಕಡಿ ದೂರದವರೆಗೂ ಹಾರಬಲ್ಲದು. ಬಾಯಿಗೆ ಬಿದ್ದರೆ ನಾಯಿ ತಲೆ ಕೊಡವುತ್ತದೆ, ಜೊಲ್ಲು ಸುರಿಸುತ್ತದೆ, ಮೂತಿಯನ್ನು ಹುಲ್ಲಿಗೆ ಉಜ್ಜುತ್ತದೆ. ರಕ್ತ ದುಬಾರಿ ಸರಕು, ಕಂಡಕಂಡವರಿಗೆ ಎರಚುವಂಥದ್ದಲ್ಲ.

ನಮ್ಮಲ್ಲಿ ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಅಲ್ಲಿ ಅದೇ ಬೇಲಿ ಗಲ್ಲುಗಂಬ. ಶ್ರೈಕ್ ಎಂಬ ಕಟುಕ ಹಕ್ಕಿ ಇವನ್ನು ಹಿಡಿದು ಮುಳ್ಳುತಂತಿಗೆ ಚುಚ್ಚಿ ತಿನ್ನುತ್ತದೆ. ಚಪ್ಪಟೆ ಬಾಲದ ಇನ್ನೊಂದು ಜಾತಿಯಲ್ಲಿ ಹೀಗೆ ಸತ್ತವುಗಳ ಕೊಂಬನ್ನು ಬದುಕಿರುವವುಗಳದ್ದರೊಂದಿಗೆ ವಿಜ್ಞಾನಿಗಳು ಅಳೆದು ಹೋಲಿಸಿದರು. 2004ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಬದುಕಿದ್ದವುಗಳ ಕೊಂಬು ಸುಮಾರು ಶೇ 10ರಷ್ಟು ಹೆಚ್ಚು ಉದ್ದ. ಆಯುಸ್ಸನ್ನು ಬ್ರಹ್ಮ ಹಣೆಯ ಮೇಲಲ್ಲ, ತಲೆಯ ಹಿಂದೆ ಬರೆದಿದ್ದ!

ಟೆಕ್ಸಾಸಿನ ಈಸ್ಟ್‌ಲೆಂಡ್ ಊರಿನವರ ಪ್ರಕಾರ, 1897ರಲ್ಲಿ ಕೋರ್ಟು ಕಟ್ಟಡದ ಮೂಲೆಗಲ್ಲಿನಲ್ಲಿ ಸಿಕ್ಕಿಕೊಂಡ ಒಂದು ಓತಿಕ್ಯಾತ 1928ರಲ್ಲಿ ಜೀವಂತ ಹೊರಬಂತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಊರವರು ಅದಕ್ಕೆ ಓಲ್ಡ್ ರಿಪ್ ಎಂದು ಹೆಸರಿಟ್ಟು ಅಧ್ಯಕ್ಷ ಕೂಲಿಜ್ ಅವರ ಭೇಟಿಗೂ ಕರೆದೊಯ್ದರು. ಕೂಲಿಜ್ ಮಿತಭಾಷಿಯೆಂದೇ ದೇಶಕ್ಕೆಲ್ಲ ಗೊತ್ತಿದ್ದವರು. ಮೊದಲ ಉಪಾಯ ಸುಮ್ಮನಿರುವುದೆಂದು ಬಲ್ಲ ಇಬ್ಬರು ಎದುರುಬದುರಾದದ್ದು ಅಮೆರಿಕದ ರಾಜಕೀಯದಲ್ಲಿ ಬಹುಶಃ ಅದೊಂದೇ ಸಲ.